ಹದಿನೆಂಟು ಮಿಲಿಮೀಟರ್

ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ
ನೇಲಿದಾ ಮೊದಲು ಬರೆದದ್ದು ಗಾಡಿಯನ್ನಲ್ಲ,
ಮರಳು ದಿಬ್ಬವನ್ನು.
ಇದು ಹೀಗೆ ಏಳುತ್ತೆ, ಇಲ್ಲಿ ಮುರಿಯುತ್ತೆ,
ಇದರ ಬೆನ್ನಿಗೆ ಒಪ್ಪುವ ಕಾಲು ಬರೆಯೋಣ, ಎಂದಳು.

ಇಕಾ ಊರಿನ ಹಿಂಬದಿ. ಮಧ್ಯಾಹ್ನದ ಗಾಳಿ
ಕಡಲ ಕಡೆಯಿಂದ ಎದ್ದು ತಗಡಿನ ಸಂದಿನಲ್ಲಿ ಮರಳು ತೂರುತ್ತಿತ್ತು.
ರೇಡಿಯೇಟರ್ ರಿಪೇರಿಯವನ ಮಗಳು ಅವಳು;
ನಾನು ಉಬಾಲ್ದೊ, ದ್ರಾಕ್ಷಿ ತೋಟಗಳ ಗೇಟು ಬೆಸೆದೇ
ಇಪ್ಪತ್ತೆರಡು ವರ್ಷ ಕಣ್ಣು ಸುಟ್ಟುಕೊಂಡವನು.
ಗೇಟು ಒಂದೇ ಗೆರೆಯ ಮೇಲೆ ತಿರುಗುತ್ತದೆ.
ಚಕ್ರ ಹಾಗಲ್ಲ ಎಂದು ತಿಳಿದದ್ದು ನನ್ನ ಐವತ್ತರಲ್ಲಿ.

ರಟ್ಟು ಕತ್ತರಿಸಿ ತೋಳು ಮಾಡಿದಳು,
ಗುಂಡುಸೂಜಿ ಚುಚ್ಚಿ ಕೀಲು.
ಮೇಲಿನದು ಗಿಡ್ಡ, ಕೆಳಗಿನದು ಉದ್ದ.
ಎರಡೂ ಸಮವಿದ್ದರೆ ಗಾಡಿ ವಾಲಿದಾಗ ಚಕ್ರವೂ ವಾಲುತ್ತೆ,
ಕುಡುಕನ ಹೆಗಲು ಹಿಡಿದ ಕುಡುಕನ ಹಾಗೆ.
ಕಿಂಗ್‌ಪಿನ್ನಿನ ತಲೆ ಎಂಟು ಡಿಗ್ರಿ ಹಿಂದಕ್ಕಿರಲಿ;
ಕೈ ಬಿಟ್ಟರೂ ಮನೆದಾರಿ ಹಿಡಿಯುವ ಕತ್ತೆಯಂತೆ
ಸ್ಟೀರಿಂಗ್ ತಾನೇ ನೇರಕ್ಕೆ ಬರುತ್ತೆ.
ಹತ್ತು ಇಟ್ಟರೆ?
ನಿನ್ನ ರಟ್ಟೆ ಸೋಲುತ್ತೆ. ಹಗ್ಗ ಹರಿಯದೆ, ಕೋಲು ಮುರಿಯದೆ ಇರುವ ಜಾಗ
ಎಂಟರ ಆಸುಪಾಸಿನಲ್ಲೆಲ್ಲೋ ಇದೆ.

ಆಮೇಲೆ ದಾರ. ಎರಡು ಕಿಂಗ್‌ಪಿನ್ನಿಂದ
ಹಿಂದಿನ ಅಚ್ಚಿನ ನಟ್ಟನಡುವಿಗೆ ಬಿಗಿದು,
ಸ್ಟೀರಿಂಗ್ ತೋಳಿನ ಬೋಲ್ಟು ಆ ದಾರದಡಿಯೇ ಬೀಳಬೇಕೆಂದಳು.
ತಿರುವಿನಲ್ಲಿ ಒಳಚಕ್ರ ಹೆಚ್ಚು ಬಾಗಬೇಕು, ಹೊರಗಿನದು ಕಡಿಮೆ:
ಒಂದೇ ಗೂಟಕ್ಕೆ ಕಟ್ಟಿದ ಎರಡು ಆಡು, ಹಗ್ಗದ ಅಳತೆ ಬೇರೆ.
ಮರಳಿನಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ, ಎಂದೆ.
ನಾನು, ಎಂದಳು.

ಗುಜರಿಯಿಂದ ಹಳೇ ಟಿಕೊ ಕಾರಿನ ಸ್ಟೀರಿಂಗ್ ರ್‍ಯಾಕು ತಂದಿದ್ದೆ.
ಅದನ್ನು ಕೂರಿಸುವ ಪಟ್ಟಿಗಳನ್ನು
ಅವಳು ಊರಲ್ಲಿಲ್ಲದ ರಾತ್ರಿ, ಕಣ್ಣಳತೆಯಲ್ಲಿ, ನಾನೇ ಬೆಸೆದೆ.
ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ:
ನನ್ನ ಜೀವಮಾನದ ಬೆಸುಗೆ ಅದು.
ಒಂದರ ಮೇಲೊಂದು ಮಲಗಿದ ಮೀನ ಹುರುಪೆ,
ಅಂಚಿನಲ್ಲಿ ನೀಲಿ, ಒಳಗೆ ಗೋಧಿ ಬಣ್ಣ.

ಭಾನುವಾರ ದಿಬ್ಬಕ್ಕೆ ಒಯ್ದೆವು.
ಸಪಾಟಿನಲ್ಲಿ ಬೆಣ್ಣೆಯಿಂದ ಕೂದಲೆಳೆದ ಹಾಗೆ.
ಮೊದಲ ಉಬ್ಬಿಗೆ ಎಡಚಕ್ರ ಎದ್ದಿತು,
ಎದ್ದದ್ದೇ ಬಲಕ್ಕೆ ಮೂತಿ ತಿರುಗಿಸಿತು.
ನನ್ನ ಕೈ ಅಲ್ಲಾಡಿಲ್ಲ, ಆಣೆಗೂ.
ನಾನೊಂದು ಬಗೆದರೆ ಚಕ್ರವೊಂದು ಬಗೆಯಿತು;
ಒಣಗಿದ ವರಾಂಗೊ ಬೊಡ್ಡೆಯೊಂದು
ಹತ್ತಿರ, ಹತ್ತಿರ ಬಂತು.

ನೇಲಿದಾ ಬೈಯಲಿಲ್ಲ. ಸ್ಪ್ರಿಂಗು ಕಳಚಿದಳು,
ಚಕ್ರಕ್ಕೆ ಮೊಳೆ ಕಟ್ಟಿ ಎದುರಿಗೆ ರಟ್ಟು ನಿಲ್ಲಿಸಿ
ಜ್ಯಾಕಿನಲ್ಲಿ ಬೆರಳು ಬೆರಳಾಗಿ ಎತ್ತಿದಳು.
ಮೊಳೆ ನೆಟ್ಟಗೆ ಗೆರೆ ಎಳೆಯಬೇಕಿತ್ತು;
ಕುಡುಗೋಲು ಬರೆಯಿತು.
ರ್‍ಯಾಕು ಹದಿನೆಂಟು ಮಿಲಿಮೀಟರ್ ಮೇಲಿದೆ, ಉಬಾಲ್ದೊ.
ಟೈ ರಾಡು ಬೀಸುವ ಕಮಾನು ಒಂದು, ತೋಳುಗಳದ್ದು ಇನ್ನೊಂದು,
ಇವರ ಜಗಳಕ್ಕೆ ಚಕ್ರ ಮುಖ ತಿರುಗಿಸುತ್ತೆ.

ಕೊಯ್ಯಬೇಕು ಎಂದು ಅವಳು ಹೇಳಲಿಲ್ಲ.
ಗ್ರೈಂಡರಿನ ಪ್ಲಗ್ಗು ಚುಚ್ಚಿಟ್ಟು ಹೊರಗೆ ಹೋಗಿ
ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದಳು.
ಮೀನ ಹುರುಪೆಯೆಲ್ಲ ಕಿಡಿಯಾಗಿ ನನ್ನ ಬೂಟಿನ ಮೇಲೆ ಸುರಿಯಿತು.
ಹದಿನೆಂಟು ಮಿಲಿಮೀಟರ್.
ನನ್ನ ಹೆಬ್ಬೆರಳಿನಷ್ಟೂ ಅಗಲವಿಲ್ಲ.

ಎರಡನೆಯ ಬೆಸುಗೆ ಅಷ್ಟು ಚೆಂದ ಬರಲಿಲ್ಲ.
ಕೈ ಸೋತಿತ್ತು; ಗಾಳಿ ನುಗ್ಗಿ ಒಂದು ಕಡೆ ಗುಳ್ಳೆ,
ಅದನ್ನು ಉಜ್ಜಿ ಮತ್ತೆ ತುಂಬಿದ್ದಕ್ಕೆ ಗಡ್ಡೆ.
ಮೊಳೆ ಈಗ ಗೆರೆ ಎಳೆಯಿತು,
ತೀರ ತುದಿಯಲ್ಲಿ ಮಾತ್ರ ಎರಡು ಮಿಲಿಮೀಟರ್ ಬಾಗಿ.
ಇದಕ್ಕೇನು ಮಾಡೋಣ?
ಅಷ್ಟು ಅದಕ್ಕೂ ಇರಲಿ ಬಿಡು, ಎಂದಳು.

ಸಂಜೆ ದಿಬ್ಬದ ಮೇಲೆ ಸ್ಟೀರಿಂಗ್ ಹಿಡಿದವಳು ಅವಳು.
ಚಕ್ರಗಳು ಎದ್ದವು, ಬಿದ್ದವು, ಎದ್ದವು,
ಮುಂದಕ್ಕೇ ನೋಡುತ್ತಿದ್ದವು.
ಪಕ್ಕದ ಸೀಟಿನಲ್ಲಿ ಬೆಲ್ಟಿಗೆ ಜೋತುಬಿದ್ದು
ನಾನು ಬಗ್ಗಿ ನೋಡುತ್ತಿದ್ದದ್ದು ಆ ಕುರೂಪಿ ಬೆಸುಗೆಯನ್ನೇ.
ಹಾಳಾದ್ದು,
ಹಿಡಿದಿತ್ತು.